ಒಣಹವೆ ಮುಂದುವರಿಯಲಿದೆ

ಕಡೂರಿನ ಸಂತೆಯಲ್ಲಿ ಅವರೆಕಾಯಿಗೆ ಚೌಕಾಸಿ ಮಾಡುತ್ತಾ ನಿಂತಿದ್ದರೆ, ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು, "ಅಯ್ಯೋ, ನೀವು ಒಣಹವೆ ಮೇಡಮ್ಮ ಅಲ್ವಾ?" ಅಂದುಬಿಡುತ್ತಾಳೆ. ನನ್ನ ಮುಖ ನೋಡಿ ಗುರುತು ಹಿಡಿಯುವವರು ಈ ಕಡೆ ಕಡಿಮೆ. ದನಿ ಕೇಳಿ ಹಿಡಿಯುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ತಾಲ್ಲೂಕಿನ ರೈತರ ಫೋನಿಗೆ ದಿನಾ ಬೆಳಿಗ್ಗೆ ಹೋಗುತ್ತಿದ್ದ ಹವಾಮಾನದ ಮಾತು ನನ್ನದು. ನಾನು ನಿವೃತ್ತಳಾದ ಮೇಲೂ ಆ ದನಿ ಹೋಗುತ್ತಲೇ ಇದೆ. ಅದು ಹೇಗೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಿ ಅಂತ ಕಚೇರಿಯವರು ಕೇಳಿದ್ದಾರೆ. ಧೈರ್ಯ ತುಂಬುವ ಹಾಗಿರಲಿ ಅಂತಲೂ ಹೇಳಿದ್ದಾರೆ. ನನ್ನ ಹತ್ತಿರ ಇರುವುದನ್ನು ಬರೆಯುತ್ತೇನೆ. ಅದರಲ್ಲಿ ಧೈರ್ಯ ಸಿಕ್ಕರೆ ನಿಮ್ಮ ಪುಣ್ಯ.

ನಾನು ಬೆಳೆದದ್ದು ಸಖರಾಯಪಟ್ಟಣದಲ್ಲಿ, ಅಜ್ಜಿಯ ಕೈಯಲ್ಲಿ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಗಾಳಿಯನ್ನೂ ನೆಂಟರನ್ನೂ ಒಂದೇ ಬಾಯಲ್ಲಿ ಬೈಯುವಷ್ಟು ಮಾತು ಬರುತ್ತಿತ್ತು. ಪಡುವಣ ಗಾಳಿ ಅಂದರೆ ಅವಳ ಪಾಲಿಗೆ ತವರಿನ ಅಣ್ಣ, ಬುಟ್ಟಿ ತುಂಬ ತರುವವನು. ಮೂಡಗಾಳಿ ಅಂದರೆ ಬರಿಗೈಯಲ್ಲಿ ಬಂದು, ಮನೆಯಲ್ಲಿದ್ದದ್ದನ್ನೂ ತಿಂದು ಹೋಗುವ ನೆಂಟ. ಮಾಗಿಯಲ್ಲಿ ಆ ಗಾಳಿ ಎದ್ದ ದಿನ ಸೆರಗು ಕಿವಿಗೆ ಸುತ್ತಿಕೊಂಡು, "ಗಾಳಿಗೆ ಹಲ್ಲು ಬಂತು ಕಣೇ, ಕರು ಒಳಗೆ ಕಟ್ಟು" ಅನ್ನುತ್ತಿದ್ದಳು. ಆಮೇಲೆ ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕಿಂತ ನೆಟ್ಟಗಿನ ಮುನ್ಸೂಚನೆ ಸಿಗಲಿಲ್ಲ. ಅದು ಏನಾಗುತ್ತೆ ಅಂತಲೂ ಹೇಳುತ್ತಿತ್ತು, ಏನು ಮಾಡಬೇಕು ಅಂತಲೂ ಹೇಳುತ್ತಿತ್ತು.

ನಮ್ಮ ಹವಾಮಾನ ವೀಕ್ಷಣಾಲಯ ಕಡೂರಿನ ಆಚೆ ಒಂದು ತಂತಿಬೇಲಿಯೊಳಗಿತ್ತು. ಕಾಲುಗಳ ಮೇಲೆ ನಿಂತ ಬಿಳಿಯ ಜಾಲರಿ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕಗಳು, ಪಕ್ಕದಲ್ಲಿ ಮಳೆಮಾಪಕ, ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣ. ದಾರಿಹೋಕರು ಆ ಪೆಟ್ಟಿಗೆಯನ್ನು ಜೇನಿನ ಗೂಡು ಅಂದುಕೊಂಡಿದ್ದರು. "ಜೇನು ಈ ಸಲ ಹೆಂಗೈತಮ್ಮ?" ಅಂತ ಕೇಳುವರು. "ಕಚ್ಚುತ್ತೆ, ಹತ್ತಿರ ಬರಬೇಡಿ" ಅನ್ನುತ್ತಿದ್ದೆ. ಬೇಲಿಗೆ ಅದಕ್ಕಿಂತ ಒಳ್ಳೆಯ ಕಾವಲು ಇರಲಿಲ್ಲ.

ಪೆಟ್ಟಿಗೆಯಲ್ಲಿ ಎರಡು ಉಷ್ಣಮಾಪಕಗಳು ಅಕ್ಕಪಕ್ಕ ಇರುತ್ತವೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೆ. ಎರಡೂ ಒಂದೇ ಅಂಕೆ ತೋರಿಸಿದರೆ ಗಾಳಿ ನೀರಿನಿಂದ ತುಂಬಿ ತುಳುಕುತ್ತಿದೆ ಅಂತ ಲೆಕ್ಕ. ಕೆಲಸಕ್ಕೆ ಸೇರಿದ ಹೊಸತು, ರಣಬಿಸಿಲಿನ ಕಾಲ. ಅಳಿಲೊಂದು ಆ ಬಟ್ಟೆ ಕಿತ್ತುಕೊಂಡು ಹೋಗಿ ಮರಿಗಳಿಗೆ ಹಾಸಿಗೆ ಮಾಡಿತ್ತು. ನನಗೆ ಗೊತ್ತಾಗಲಿಲ್ಲ. ಎರಡೂ ಒಂದೇ ಅಂಕೆ ತೋರಿಸಿದವು, ನಾನು ಹಾಗೇ ಕಳಿಸಿದೆ. ಹಳೇ ಸಾಹೇಬರಿಂದ ಫೋನು ಬಂತು: "ಏನಮ್ಮಾ, ಕಡೂರು ಕೆಮ್ಮಣ್ಣುಗುಂಡಿ ಆಗೋಯ್ತಾ? ಸ್ವೆಟರ್ ಹಾಕ್ಕೊಂಡು ಬರ್ಲಾ?"

ಬೈಯಲಿಲ್ಲ ಅವರು. ಮಾರನೇ ದಿನ ಬಂದು ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. "ಯಂತ್ರ ಹೇಳಿದ್ದನ್ನ ಬರಿ. ಬರೆದಾದ್ಮೇಲೆ ಹೊರಗೆ ಬಂದು ಒಂದ್ಸಲ ಮೈಗೆ ಗಾಳಿ ತಾಗಿಸ್ಕೊ. ಎರಡೂ ಜಗಳ ಆಡ್ತಿದ್ರೆ ತಿರುಗಾ ಯಂತ್ರ ನೋಡು" ಅಂದರು. ಇಡೀ ನೌಕರಿಯಲ್ಲಿ ನನಗೆ ಸಿಕ್ಕ ತರಬೇತಿ ಅಷ್ಟೇ. ಸಾಕಾಗುವಷ್ಟಿತ್ತು.

ಆಗೆಲ್ಲ ಮುನ್ನೋಟವನ್ನು ಹಲಗೆಯ ಮೇಲೆ ಬಳಪದಲ್ಲಿ ಬರೆದು ಬೇಲಿಗೆ ತೂಗುಹಾಕುತ್ತಿದ್ದೆವು. ಬಂದವರು ಓದುತ್ತಿದ್ದರು, ಓದು ಬಾರದವರು ಒಳಗೆ ಬಂದು ಕೇಳುತ್ತಿದ್ದರು. ಕೇಳಿದವರಿಗೆ ಅವರವರ ಕೆಲಸ ನೋಡಿ ಹೇಳುತ್ತಿದ್ದೆ. ರಾಗಿ ಬಡಿಯುವವನಿಗೆ ಒಂದು ಮಾತು, ಈರುಳ್ಳಿ ಕಿತ್ತವನಿಗೆ ಇನ್ನೊಂದು. ತರೀಕೆರೆಯ ಒಬ್ಬರು ಮಗಳ ಮದುವೆಗೆ ಮುಂಚೆ ಬಂದು, "ಚಪ್ಪರಕ್ಕೆ ತಗಡು ಹಾಕಿಸ್ಲಾ, ಬಟ್ಟೆ ಸಾಕಾ?" ಅಂದರು. "ಮಳೆಯ ಸಾಧ್ಯತೆ ಇದೆ" ಅಂದೆ. "ಸಾಧ್ಯತೆ ಅಂದ್ರೆ ಬರುತ್ತೋ ಬರಲ್ವೋ?" ಅಂತ ನಿಂತೇಬಿಟ್ಟರು. ತಗಡು ಹಾಕಿಸಿದರು. ಚಪ್ಪರದ ಮೇಲೆ ಒಂದು ಹನಿ ಬೀಳಲಿಲ್ಲ, ದಿಬ್ಬಣ ಬರುತ್ತಿದ್ದ ಬೀದಿಯಲ್ಲಿ ಸುರಿಯಿತು. ಬೀಗರು ತೊಯ್ದು ತೊಪ್ಪೆಯಾಗಿ ಬಂದರಂತೆ. ಗುಡ್ಡದ ಬುಡದ ಊರು ಅದು, ಅಲ್ಲಿನ ಮಳೆಗೆ ನೆಂಟಸ್ತಿಕೆಯ ಮರ್ಯಾದೆ ಇಲ್ಲ. ಆದರೂ ಅವರು ಲಾಡು ತಂದುಕೊಟ್ಟು, "ನೀವು ಹೇಳಿದ್ದು ಸುಳ್ಳಾಗಲಿಲ್ಲ, ಜಾಗ ತಪ್ಪಿತು ಅಷ್ಟೇ" ಅಂದು ಹೋದರು.

ಹಾಗೆ ಬರುತ್ತಿದ್ದವರಲ್ಲಿ ಬೀರಜ್ಜ ಒಬ್ಬ. ಎಮ್ಮೆದೊಡ್ಡಿ ಕಾವಲು ಅನ್ನುವ ಹುಲ್ಲುಗಾವಲಿನ ಅಂಚಿನ ಕುರಿಯವನು. ರಾಗಿ ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತಾ ತಿರುಗುವವನು. ವರ್ಷಕ್ಕೊಂದು ಸಲ, ಉಣ್ಣೆ ಕತ್ತರಿಸುವ ಕಾಲಕ್ಕೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬೇಲಿಯ ಹತ್ತಿರ ನಿಂತು, "ಅವ್ವಾ, ಒಂದಿಷ್ಟು ಬಿಸಿಲು ಕೊಡ್ತೀಯಾ?" ಅನ್ನುತ್ತಿದ್ದ. ಬಿಸಿಲು ನನ್ನ ಮೇಜಿನ ಖಾನೆಯಲ್ಲಿ ಇದೆಯೇನೋ ಅನ್ನುವ ಹಾಗೆ. ಕುರಿಗಳನ್ನು ಕೆರೆಗೆ ಇಳಿಸಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಕತ್ತರಿ ಹಾಕಬೇಕು. ಅದಕ್ಕೆ ಒಣಹವೆಯೇ ಬೇಕು.

ಕುರಿಯವರಲ್ಲಿ ಮೊದಲ ಕತ್ತರಿ ಅಂತ ಒಂದು ಕ್ರಮ. ಮನೆತನದ ಹಿರಿಯ ಮೊದಲ ಕುರಿಯ ಉಣ್ಣೆ ತೆಗೆದು ದೇವರ ಮುಂದಿಡುತ್ತಾನೆ. ಕತ್ತರಿ ಒಂದು ಸಲ ಬಾಯಿ ತೆರೆಯಿತು ಅಂದರೆ ಕೊನೆಯ ಕುರಿಯವರೆಗೆ ಮುಚ್ಚುವ ಹಾಗಿಲ್ಲ. ಮಂದೆ ಅರ್ಧಕ್ಕೆ ಬಿಟ್ಟರೆ ದೇವರಿಗೆ ಕೊಟ್ಟ ಮಾತು ಅರ್ಧಕ್ಕೆ ಬಿಟ್ಟ ಹಾಗೆ. ಆ ಮೊದಲ ಕತ್ತರಿ ಬೀರಜ್ಜನದು. ಮದುವೆಯ ಮಾತುಕತೆಯಿಂದ ಹಿಡಿದು ಜಗಳ ತೀರಿಸುವವರೆಗೆ ಅವನ ಮಾತು ನಡೆಯುತ್ತಿದ್ದದ್ದು ಆ ಕತ್ತರಿಯ ಬಲದಿಂದ.

ಕಾಲ ಬದಲಾಯಿತು. ಕಂಪ್ಯೂಟರ್ ಬಂತು, ಆಕಾಶದಿಂದ ತೆಗೆದ ಮೋಡದ ಚಿತ್ರ ಬಂತು. ಹಲಗೆ ಹೋಗಿ ಫೋನಿನ ಸಂದೇಶ ಬಂತು. ಹೊಸ ಸಾಹೇಬರು ಅದಕ್ಕೊಂದು ಸಾಲು ಕಟ್ಟಿದರು: ಮೊದಲು ಮಳೆ, ಆಮೇಲೆ ಉಷ್ಣಾಂಶ, ತೇವಾಂಶ, ಗಾಳಿಯ ವೇಗ, ಕೊನೆಗೆ ಸಲಹೆ. ಉಷ್ಣಾಂಶ ಬೆಟ್ಟಕ್ಕೂ ಬಯಲಿಗೂ ಸೇರಿ ಒಂದೇ. ಹೆಬ್ಬೆಯ ಜಲಪಾತದ ಹತ್ತಿರ ನಿಂತವನಿಗೂ ಅಜ್ಜಂಪುರದ ಕಪ್ಪುಮಣ್ಣಿನ ಬಯಲಲ್ಲಿ ನಿಂತವನಿಗೂ ಚಳಿಯನ್ನು ಸಮನಾಗಿ ಹಂಚಿಬಿಡುತ್ತಿದ್ದೆವು.

ಒಂದು ದಿನ ಬೀರೂರಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವನ ಫೋನು ಬಡಿದುಕೊಂಡಿತು. ನನ್ನದೇ ದನಿ: "ನಮಸ್ಕಾರ. ಒಣಹವೆ ಮುಂದುವರಿಯಲಿದೆ." ಅಷ್ಟಕ್ಕೆ ಟಕ್ ಅಂತ ಕಡಿದ. ಪಕ್ಕದವನು, "ಏನಂತೆ?" ಅಂದ. "ಮಳೆ ಇಲ್ವಂತೆ. ಇನ್ನೇನು ಹೇಳ್ತಾಳೆ ಅವಳು, ದಿನಾ ಇದೇ ಗೋಳು." ಬೆಳಗಿನ ಹೊತ್ತು ಗಂಟಲು ಸರಿಮಾಡಿಕೊಂಡು ನಾನು ಓದಿದ ಉಳಿದ ಮಾತೆಲ್ಲ ಯಾರ ಕಿವಿಗೂ ಹೋಗುತ್ತಿರಲಿಲ್ಲ ಅಂತ ಆವತ್ತು ತಿಳಿಯಿತು. ಮಳೆಗೇ ಕಾಯುವ ನಾಡು ಇದು. ಮಳೆ ಇಲ್ಲ ಅಂದಮೇಲೆ ಯಾವ ಸುದ್ದಿ ಯಾರಿಗೆ ಬೇಕು?

ಸಾಹೇಬರ ಮುಂದೆ ನಿಂತೆ. "ಸಾರ್, ಮೊದಲ ಮಾತು ಕೇಳಿ ಕಟ್ ಮಾಡ್ತಾರೆ. ಆವತ್ತಿಗೆ ಯಾವುದು ಮುಖ್ಯವೋ ಅದನ್ನೇ ಮೊದಲು ಹೇಳೋಣ."

"ದಿನಾ ಸಾಲು ಬದಲಾದ್ರೆ ನಿನ್ನೆದಕ್ಕೂ ಇವತ್ತಿನದಕ್ಕೂ ತಾಳೆ ಹಾಕೋದು ಹೇಗ್ರೀ?"

"ರೈತರು ತಾಳೆ ಹಾಕಲ್ಲ ಸಾರ್."

"ಮೇಲಿನವರು ಹಾಕ್ತಾರಲ್ಲ ಮೇಡಂ. ನನ್ನ ಕುತ್ತಿಗೆಗೇ ಬರೋದು."

ಕೆಟ್ಟವರಲ್ಲ ಅವರು. ನನ್ನ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ತಮ್ಮ ಮನೆಯಿಂದ ಊಟದ ಕ್ಯಾರಿಯರ್ ತಂದುಕೊಟ್ಟವರು. ಈ ನೌಕರಿಯಲ್ಲಿ ನನ್ನನ್ನು ಸೋಲಿಸಿದ್ದು ಕೆಟ್ಟವರಲ್ಲ ಅನ್ನುವುದನ್ನು ಮಕ್ಕಳೇ, ನೆನಪಿಡಿ. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು.

ಬೀರಜ್ಜನೂ ಬೇಲಿಯ ಹತ್ತಿರ ಬರುವುದು ಬಿಟ್ಟ. ಸಂತೆಯಲ್ಲಿ ಸಿಕ್ಕಾಗ ಕೇಳಿದರೆ, "ಯಾಕ್ ಬರ್ಲವ್ವಾ? ದಿನಾ ಫೋನಲ್ಲಿ ನೀನೇ ಬತ್ತೀಯಲ್ಲ" ಅಂದ. ನನಗೆ ಆಗ ಹೆಮ್ಮೆಯಾಗಿತ್ತು.

ಆ ವರ್ಷ ಸಂಕ್ರಾಂತಿ ಇನ್ನೂ ದೂರವಿತ್ತು. ನಕ್ಷೆಯಲ್ಲಿ ಎರಡು ಸಂಗತಿ ಕಂಡವು. ಉತ್ತರದಿಂದ ಚಳಿಗಾಳಿಯ ಒಂದು ದೊಡ್ಡ ಅಲೆ ನಮ್ಮ ಬಯಲಿನ ಕಡೆ ಇಳಿದು ಬರುತ್ತಿತ್ತು. ಅದೇ ಹೊತ್ತಿಗೆ ಪೂರ್ವದ ಸಮುದ್ರದಿಂದ ತೆಳುಮೋಡ ತೇಲಿ ಬರುತ್ತಿತ್ತು. ಒಂದೊಂದೇ ಬಂದರೆ ತಡೆದುಕೊಳ್ಳಬಹುದು. ಎರಡೂ ಕೂಡಿದರೆ ಬಿಸಿಲು ಮುಚ್ಚಿ, ಹಗಲೇ ಚಳಿ ಹತ್ತಿ, ಮೈ ಒದ್ದೆ ಮಾಡುವಷ್ಟು ತುಂತುರು, ಅದರ ಮೇಲೆ ಮೂಡಗಾಳಿ. ಆ ತುಂತುರು ಮಳೆಯ ಲೆಕ್ಕಕ್ಕೆ ಬರುವುದಿಲ್ಲ. ಮಾಪಕದ ಬಾಯಿ ಒದ್ದೆಯಾಗುತ್ತೆ, ಒಳಗೆ ಅಳೆಯಲು ನೀರಿರುವುದಿಲ್ಲ.

ಸಲಹೆಯ ಜಾಗದಲ್ಲಿ ನಾನು ಬರೆದೆ: "ನಾಳೆಯಿಂದ ಗಾಳಿಗೆ ಹಲ್ಲು ಬರಲಿದೆ. ಕುರಿಯ ಉಣ್ಣೆ ಕತ್ತರಿಸಬೇಡಿ, ಮರಿ ಕರು ಒಳಗೆ ಕಟ್ಟಿ." ಸಾಹೇಬರು ನಕ್ಕರು. "ಗಾಳಿಗೆ ಹಲ್ಲು! ಚೆನ್ನಾಗಿದೆ ಮೇಡಂ, ಆದ್ರೆ ಶೀತ ಅಲೆ ಅನ್ನೋದಕ್ಕೆ ಒಂದು ಮಿತಿ ಇದೆ. ಉಷ್ಣಾಂಶ ಅಷ್ಟಕ್ಕೆ ಇಳಿಯಲ್ಲ." ಅದನ್ನು ಹೊಡೆದು, "ಜಾನುವಾರುಗಳ ಬಗ್ಗೆ ಸೂಕ್ತ ಎಚ್ಚರಿಕೆ ವಹಿಸುವುದು" ಅಂತ ಹಾಕಿದರು. ಚಳಿಗಾಲದ ಪ್ರತಿ ದಿನವೂ ನಾವು ಹೇಳುತ್ತಿದ್ದ ಮಾತು ಅದು. ಮಾರನೇ ಬೆಳಿಗ್ಗೆ ಓದಿದೆ. ಮೊದಲ ಮಾತು ಯಾವುದು ಅಂತ ನಿಮಗೆ ಗೊತ್ತೇ ಇದೆ.

ಓದಿ ಹೊರಗೆ ಬಂದರೆ ಹಾಲಿನವನು ಕ್ಯಾನು ಇಳಿಸುತ್ತಾ, "ನೆನ್ನೆ ಮೊನ್ನೆ ಎಲ್ಲ ಬೀರಜ್ಜನ ಕಡೇರು ಕೆರೇಲಿ ಕುರಿ ತೊಳೀತಿದ್ರು. ಕುರಿ ಎಲ್ಲ ಮಲ್ಲಿಗೆ ಹೂವಿನಂಗೆ ಕಾಣ್ತಿದ್ವು" ಅಂದ. ತೊಳೆದಾಗಿದೆ ಅಂದರೆ ಇವತ್ತೇ ಕತ್ತರಿ. ಬೀರಜ್ಜನಿಗೆ ಫೋನು ಮಾಡಿದೆ, ಮನೆ ಬಿಟ್ಟು ಕಾವಲಿನ ಕಡೆ ಹೋದರೆ ಸಿಗ್ನಲ್ ಸಿಗದ ಜಾಗ, ಹತ್ತಲಿಲ್ಲ. ರಜೆ ಬರೆದಿಟ್ಟು ಆಟೋ ಹಿಡಿದೆ.

ನಾನು ಹೋದಾಗ ಹೊಲದ ತುಂಬ ಕತ್ತರಿಯ ಸದ್ದು. ಬಿಸಿಲಿತ್ತು. ನೆಂಟರೆಲ್ಲ ಸೇರಿದ್ದರು, ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿತ್ತು. ಹೆಚ್ಚುಕಮ್ಮಿ ಅರ್ಧ ಮಂದೆ ಬೋಳಾಗಿ, ತೆಳ್ಳಗೆ, ನಾಚಿಕೊಂಡಂತೆ ಒಂದು ಕಡೆ ನಿಂತಿತ್ತು.

"ಏನವ್ವಾ ಬಂದ್ಬಿಟ್ಟೆ! ಕೂತ್ಕೊ, ಮುದ್ದೆ ಬಿಸಿ ಐತೆ" ಅಂದ ಬೀರಜ್ಜ.

"ಕತ್ತರಿ ನಿಲ್ಸು ಬೀರಜ್ಜ. ಚಳಿ ಬತ್ತಾ ಐತೆ." ಕಚೇರಿಯ ಕನ್ನಡ ನನ್ನ ಬಾಯಿಂದ ಹೋಗಿ ಅಜ್ಜಿಯ ಕನ್ನಡ ಬಂದಿತ್ತು.

"ಬೆಳಿಗ್ಗೆ ನೀನೇ ಹೇಳ್ದಲ್ಲ, ಒಣಹವೆ ಅಂತ? ಮನೇಲಿ ಅದ ಕೇಳ್ಕಂಡೇ ನಾನು ಕತ್ತರಿ ತಗಂಡೆ."

"ಪೂರ್ತಿ ಕೇಳಿದ್ಯಾ?"

"ಒಣಹವೆ ಅಂದ್ಮೇಲೆ ಇನ್ನೇನೈತೆ ಕೇಳಾಕೆ?"

ಅವನ ತಮ್ಮ ಮಲ್ಲಪ್ಪ ಕುರಿಯ ಕಾಲು ಹಿಡಿದುಕೊಂಡೇ ತಲೆ ಎತ್ತಿದ. "ಅಣ್ಣ, ಅರ್ಧ ತಲೆ ಬೋಳಿಸ್ಕಂಡು ಕ್ಷೌರದಂಗಡಿಯಿಂದ ಎದ್ದು ಬಂದಂಗಾಯ್ತದೆ. ಮೇಡಮ್ಮಂಗೇನು, ಬೆಳಿಗ್ಗೆ ಒಂದು ಹೇಳ್ತಾರೆ, ಮಧ್ಯಾಹ್ನ ಇನ್ನೊಂದು ಹೇಳಿ ಆಟೋ ಹತ್ತುತಾರೆ." ನೆಂಟರು ನಕ್ಕರು.

ಬೀರಜ್ಜ ನಗಲಿಲ್ಲ. "ಮಳೆ ಬತ್ತದಾ?" ಅಂದ.

"ಅಳತೆಗೆ ಸಿಗೋವಷ್ಟು ಬರಲ್ಲ. ಗಾಳಿಗೆ ಹಲ್ಲು ಬತ್ತದೆ."

ಅವನು ಎದ್ದು ನಿಂತು ಮೂಡಲ ಕಡೆ ನೋಡಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ, ಬರೀ ಬಿಳಿಚಿದ ಆಕಾಶ. ಆಮೇಲೆ ನನ್ನ ಮುಖ ನೋಡಿದ. ಕತ್ತರಿಯ ಬಾಯಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ಸಾಕು ಕಣ್ರಪ್ಪ, ಏಳಿ." ಒಲೆಯ ಮುಂದಿದ್ದ ಹೆಂಗಸರ ಕೈ ಕೂಡ ನಿಂತುಹೋಯಿತು. ಅವನ ಕಾಲದಲ್ಲಿ, ಅವನ ಅಪ್ಪನ ಕಾಲದಲ್ಲಿ, ಆ ಹೊಲದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ.

ಮಾರನೇ ದಿನ ಬೆಳಗಾದದ್ದೇ ಗೊತ್ತಾಗಲಿಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ತಿರುಗಾ ಕಾವಲಿಗೆ ಹೊರಟ ಆಟೋದಲ್ಲಿ ಮುಖಕ್ಕೆ ಬಡಿಯುತ್ತಿದ್ದದ್ದು ಹನಿಯೋ ಗಾಳಿಯೋ ಹೇಳಲಾಗುತ್ತಿರಲಿಲ್ಲ. ರಾತ್ರಿ ಗಾಳಿ ಎದ್ದಾಗ ಬೀರಜ್ಜ ಉಣ್ಣೆ ಇದ್ದ ಕುರಿಗಳನ್ನು ಸುತ್ತ ಕೋಟೆಯ ಹಾಗೆ ಕಟ್ಟಿ, ಬೋಳು ಕುರಿಗಳನ್ನು ನಡುವೆ ಹಾಕಿದ್ದನಂತೆ. ಮನೆಯ ಕಂಬಳಿಗಳನ್ನೆಲ್ಲ ತಂದು ಹೊದಿಸಿದ್ದನಂತೆ. ಬೆಂಕಿ ಹಚ್ಚಿದರೆ ಗಾಳಿ ಹಾರಿಸಿಕೊಂಡು ಹೋಯಿತಂತೆ. ಕಂಬಳಿ ಸಿಗದ ಬೋಳು ಕುರಿಗಳು ರಾಗಿ ಮೆದೆಯ ಬುಡದಲ್ಲಿ, ಒಂದರ ಕುತ್ತಿಗೆಯ ಮೇಲೊಂದು ತಲೆಯಿಟ್ಟು, ಹಾಗೇ ಸೆಟೆದುಹೋಗಿದ್ದವು. ಉಣ್ಣೆಯ ಕುರಿಗಳು ಅವುಗಳ ಪಕ್ಕದಲ್ಲೇ ನಿಂತು ಮೆಲುಕು ಹಾಕುತ್ತಿದ್ದವು.

"ಕಂಬಳಿ ಸಾಲ್ದಾಯ್ತವ್ವ" ಅಂದ ಬೀರಜ್ಜ.

ಮಲ್ಲಪ್ಪ ಸುಮ್ಮನಿರಲಿಲ್ಲ. "ಅರ್ಧಕ್ಕೆ ನಿಲ್ಸಿದ್ದಕ್ಕೆ ದೇವ್ರು ಮುನಿದ. ನಿಲ್ಸಿದ್ದು ಯಾರು ಅಂತ ಎಲ್ರೂ ನೋಡವ್ರೆ."

"ಸತ್ತಿರೋದೆಲ್ಲ ಕತ್ತರಿಸಿದ ಕುರಿ ಕಣಪ್ಪ, ಕತ್ತರಿಸದೆ ಬಿಟ್ಟಿದ್ದು ಒಂದೂ ಸತ್ತಿಲ್ಲ. ಕಣ್ಣಿಗೆ ಕಾಣಲ್ವಾ?" ಅಂದೆ.

"ಕಾಣ್ತದೆ. ದೇವ್ರಿಗೆ ಅಂತ ಕತ್ತರಿ ಹಾಕಿದ್ದನ್ನ ದೇವ್ರು ತಗಂಡ. ಹಾಕದೆ ಇರೋದು ಅವನಿಗ್ಯಾಕೆ?"

ನೆಂಟರೆಲ್ಲ ಹೌದು ಅಂತ ತಲೆ ಆಡಿಸಿದರು. ಬೀರಜ್ಜನ ಹೆಂಡತಿ ಕೂಡ.

ಕಚೇರಿಗೆ ಬಂದು ಮಳೆಮಾಪಕ ತೆಗೆದು ನೋಡಿದೆ. ಬಾಯಿ ಒದ್ದೆ, ಒಳಗೆ ಒಣ. ಸಾಹೇಬರು ಹಿಂದೆಯೇ ಬಂದು ಇಣುಕಿ, "ನೋಡಿ ಮೇಡಂ, ಮಳೆ ಇಲ್ಲ. ನಮ್ಮ ಮುನ್ನೋಟ ಸರಿ ಬಂತು" ಅಂದರು. ನಾನು ಕಂಡದ್ದನ್ನು ಹೇಳಿದೆ. ಅವರ ಮುಖ ಇಳಿಯಿತು. ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಸಂಜೆ ನನ್ನ ಮೇಜಿನ ಹತ್ತಿರ ಬಂದು ನಿಂತು, "ಅದನ್ನ ಬರೀಬೇಕು ಅಂತ ನನಗೂ ಇದೆ. ಎಲ್ಲಿ ಬರೆಯೋದು ಹೇಳಿ, ಅದಕ್ಕೆ ಕಾಲಂ ಇಲ್ಲ" ಅಂದರು. ಹಾಗಾಗಿ ಆವತ್ತಿನ ಮುನ್ನೋಟ ಇವತ್ತಿಗೂ ಸರಿಯಾಗಿಯೇ ಇದೆ.

ಆ ಮನೆತನದವರು ಸೇರಿ ಮೊದಲ ಕತ್ತರಿಯನ್ನು ಮಲ್ಲಪ್ಪನಿಗೆ ಕೊಟ್ಟರು. ಬೀರಜ್ಜ ಎದುರಾಡಲಿಲ್ಲ. ಎದುರಾಡಿದ್ದರೆ ತಪ್ಪನ್ನು ನನ್ನ ಮೇಲೆ ಹೊರಿಸಬೇಕಾಗುತ್ತಿತ್ತು ಅಂತ ಸುಮ್ಮನಾದ ಅಂತ ಆಮೇಲೆ ಯಾರೋ ಹೇಳಿದರು. ನಾನು ಹೋಗಿ ಕೇಳಲಿಲ್ಲ. ಕೇಳಿದ್ದರೂ ಅವನು ಮುದ್ದೆ ತಿನ್ನು ಅನ್ನುತ್ತಿದ್ದ.

ನಿವೃತ್ತಿಗೆ ಮುಂಚೆ ನನ್ನನ್ನು ಒಂದು ಸದ್ದಿಲ್ಲದ ಕೋಣೆಗೆ ಕರೆದುಕೊಂಡು ಹೋದರು. ಇನ್ನು ಮೇಲೆ ದಿನಾ ಯಾರೂ ಓದಬೇಕಾಗಿಲ್ಲ, ನಿಮ್ಮ ದನಿಯ ತುಂಡುಗಳನ್ನು ಯಂತ್ರವೇ ಜೋಡಿಸಿ ಕಳಿಸುತ್ತೆ ಅಂದರು. ಒಣಹವೆ, ಹಗುರ ಮಳೆ, ಸಾಧಾರಣ ಮಳೆ, ಒಂದರಿಂದ ನೂರರವರೆಗೆ ಅಂಕೆಗಳು, ಎಲ್ಲವನ್ನೂ ಓದಿಸಿದರು. ಮುಗಿದ ಮೇಲೆ ನಾನು, "ಇನ್ನೊಂದು ಮಾತಿದೆ, ಹಿಡ್ಕೊಳ್ಳಿ. ಗಾಳಿಗೆ ಹಲ್ಲು ಬರಲಿದೆ" ಅಂದೆ. ಯಂತ್ರದ ಹುಡುಗ ಕಿವಿಯ ಬಟ್ಟಲು ತೆಗೆದು ನಕ್ಕ. "ಅದು ಇದರಲ್ಲಿ ಇಲ್ಲ ಮೇಡಂ. ಆಗ್ಲೇ ಆಫ್ ಮಾಡ್ಬಿಟ್ಟೆ."

ಈ ಚಳಿಗಾಲ ಒಂದು ಬೆಳಿಗ್ಗೆ ಅಂಗಳಕ್ಕೆ ಬಂದಾಗ ಆ ಗಾಳಿಯ ಹಲ್ಲು ಮೈಗೆ ತಾಗಿತು. ಯಂತ್ರ ಇಲ್ಲ ನನ್ನ ಹತ್ತಿರ, ನಕ್ಷೆ ಇಲ್ಲ. ಆದರೂ ಎಮ್ಮೆದೊಡ್ಡಿಯ ಕಡೆಗೆ ಹೊರಟೆ. ಕುರಿ ತೊಳೆದಾಗಿತ್ತು. ಮಲ್ಲಪ್ಪ ಮೊದಲ ಉಣ್ಣೆ ತೆಗೆದು ದೇವರ ಮುಂದಿಟ್ಟಿದ್ದ, ಉಳಿದವರು ಕತ್ತರಿ ಕೈಗೆ ತೆಗೆದುಕೊಳ್ಳುತ್ತಿದ್ದರು. ಬೀರಜ್ಜ ದೂರದಲ್ಲಿ ಹುಣಸೆ ಮರದ ಬುಡದಲ್ಲಿ ಕೂತಿದ್ದ. ಮಂದೆಯ ಹತ್ತಿರ ಅವನಿಗೆ ಈಗ ಕೆಲಸವಿಲ್ಲ.

"ಮಲ್ಲಪ್ಪ, ಇವತ್ತು ಬೇಡ ಕಣೋ" ಅಂದೆ.

ಅವನು ಜೇಬಿಂದ ಫೋನು ತೆಗೆದು, ಅದರಲ್ಲಿ ಹಿಡಿದಿಟ್ಟಿದ್ದ ಬೆಳಗಿನ ಸಂದೇಶವನ್ನು ಎಲ್ಲರಿಗೂ ಕೇಳುವ ಹಾಗೆ ಹಾಕಿದ. ನನ್ನ ದನಿ, ವಯಸ್ಸೇ ಆಗದ ನನ್ನ ದನಿ: "ನಮಸ್ಕಾರ. ಒಣಹವೆ ಮುಂದುವರಿಯಲಿದೆ." ಟಕ್ ಅಂತ ಕಡಿದ. "ನೀವೇ ಹೇಳ್ತಿದೀರಲ್ಲ ಮೇಡಮ್ಮ. ಮನೆಯಿಂದ ಹೊರಡೋವಾಗ ಒಂದು, ಇಲ್ಲಿಗೆ ಬಂದ್ಮೇಲೆ ಒಂದಾ?" ಅಂದ. ಎಲ್ಲರೂ ನಕ್ಕರು. ಕತ್ತರಿಗಳು ಬಾಯಿ ತೆರೆದವು.

ನೀವೆಲ್ಲ ಸೇರಿ ಇದನ್ನು ಸರಿಮಾಡುತ್ತೀರಿ ಅಂತ ಬರೆಯಲು ಕೂತಿದ್ದೆ ಮಕ್ಕಳೇ, ಕೈ ಬರುತ್ತಿಲ್ಲ.

ನಾನು ಹುಣಸೆ ಮರದ ಹತ್ತಿರ ಹೋಗಿ ಕೂತೆ. ಬೀರಜ್ಜ ನನ್ನ ಮುಖ ನೋಡಿದ. ಮೂಡಲಿಂದ ಗಾಳಿ ಏಳುತ್ತಿತ್ತು. ಉಣ್ಣೆ ತೆಗೆಸಿಕೊಂಡ ಮೊದಲ ಕುರಿ ದಿಕ್ಕು ತೋಚದೆ ನಮ್ಮ ಕಡೆ ಬಂತು. ಅವನು ಹೆಗಲ ಮೇಲಿನ ಕಂಬಳಿ ತೆಗೆದು, ಕುರಿಯನ್ನು ಹತ್ತಿರ ಎಳೆದುಕೊಂಡು ಹೊದಿಸಿದ. ಅಷ್ಟರಲ್ಲಿ ಎರಡನೆಯದು ಬಂತು. ನಾನು ನನ್ನ ಶಾಲು ತೆಗೆದೆ. ಆಚೆ ಮೂರನೆಯದರ ಉಣ್ಣೆ ತೆಗೆದು ಬಿಟ್ಟರು.